ವೀಲ್ ಸ್ಪೇಸರ್ ಹಾಕಿದರೆ ಪಿಕಪ್ ಓಲಾಡೋದು ನಿಲ್ಲುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕು. ಭತ್ತ, ಮೆಣಸಿನಕಾಯಿ ಬೆಳೆಯುತ್ತೇವೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಇಸುಜು ವಿ-ಕ್ರಾಸ್ ಪಿಕಪ್ ತಗೊಂಡೆ. ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರ್ಕೆಟ್‌ಗೆ ಹೋಗುವಾಗ ತಿರುವಿನಲ್ಲಿ ಗಾಡಿ ಓಲಾಡುತ್ತದೆ, ಭಯ ಆಗುತ್ತದೆ. ಚಕ್ರಗಳೂ ಮಡ್‌ಗಾರ್ಡ್ ಒಳಗೆ ಸೇರಿಕೊಂಡ ಹಾಗೆ ಕಾಣುತ್ತವೆ. ನಾಲ್ಕೂ ಚಕ್ರಕ್ಕೆ 38 ಮಿ.ಮೀ. ವೀಲ್ ಸ್ಪೇಸರ್ ಹಾಕಿಸಿ, ಗಾಡಿ ಅಗಲ ಆಗುತ್ತೆ, ಓಲಾಟ ನಿಲ್ಲುತ್ತೆ ಅಂತ ಅಂಗಡಿಯವರು ಹೇಳುತ್ತಾರೆ. ಫಾರ್ಚುನರ್‌ಗೂ ವಿ-ಕ್ರಾಸ್‌ಗೂ ಒಂದೇ ಸೆಟ್ ಆಗುತ್ತದಂತೆ. ನಮ್ಮ ಮೆಕ್ಯಾನಿಕ್ ಮಾತ್ರ ಬೇರಿಂಗ್ ಹೋಗುತ್ತೆ, ಬೇಡ ಅಂತಾರೆ. ನನ್ನ ತಮ್ಮ ತನ್ನ ಪಿಕಪ್‌ಗೆ ಲೇತ್‌ನಲ್ಲಿ ಮಾಡಿಸಿದ 25 ಮಿ.ಮೀ. ಸ್ಪೇಸರ್ ಹಾಕಿಸಿ ಓಡಿಸುತ್ತಿದ್ದಾನೆ, ಏನೂ ಆಗಿಲ್ಲ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಲೋಡು ಹೇರುವ ಗಾಡಿಗೆ 38 ಮಿ.ಮೀ. ಸ್ಪೇಸರ್ ಬೇಡ. ಸ್ಪೇಸರ್ ಅಂದರೆ ಚಕ್ರಕ್ಕೂ, ಚಕ್ರ ಕೂರುವ ಹಬ್‌ಗೂ ನಡುವೆ ಬಿಗಿಯುವ ದಪ್ಪ ಲೋಹದ ಬಿಲ್ಲೆ. ನಿಮ್ಮ ಮೆಕ್ಯಾನಿಕ್ ಸರಿಯಾಗಿಯೇ ಹೇಳಿದ್ದಾರೆ. ಆದರೆ ಬೇರಿಂಗ್ ವಿಷಯಕ್ಕೆ ಹೋಗುವ ಮುಂಚೆ ಇನ್ನೊಂದು ಮಾತಿದೆ. ನೀವು ಯಾವ ತೊಂದರೆಗೆ ಮದ್ದು ಹುಡುಕುತ್ತಿದ್ದೀರೋ, ಆ ತೊಂದರೆಗೆ ಸ್ಪೇಸರ್ ಮದ್ದೇ ಅಲ್ಲ. ಅದನ್ನು ಮೊದಲು ಹೇಳುತ್ತೇನೆ.

ಓಲಾಟ ಬೇರೆ, ಪಲ್ಟಿ ಬೇರೆ. ತಿರುವಿನಲ್ಲಿ ಗಾಡಿ ವಾಲಿದಾಗ ಹಿಂದಿನ ಆಕ್ಸಲ್ ವಾಲುವುದಿಲ್ಲ. ಟೈರು ಒಂದು ಕಡೆ ಅದುಮಿಕೊಳ್ಳುವಷ್ಟು ಬಿಟ್ಟರೆ ಅದು ರಸ್ತೆಗೆ ಸಮನಾಗಿಯೇ ಇರುತ್ತದೆ. ವಾಲುವುದು ಅದರ ಮೇಲೆ ಕೂತ ಚಾಸಿ, ಬಾಡಿ ಮತ್ತು ಚೀಲಗಳು. ಅದನ್ನು ತಡೆಯುವುದು ಎಡಕ್ಕೊಂದು ಬಲಕ್ಕೊಂದು ಇರುವ ಕಮಾನು ಪ್ಲೇಟುಗಳ ಕಟ್ಟು. ಎರಡೂ ಕಟ್ಟಿನ ನಡುವೆ ಎಷ್ಟು ಅಂತರ ಇದೆ, ಪ್ಲೇಟು ಎಷ್ಟು ಗಟ್ಟಿ ಇದೆ, ಅದರ ಮೇಲೆ ಭಾರ ಎಷ್ಟು ಎತ್ತರಕ್ಕೆ ಕೂತಿದೆ, ಮುಖ್ಯವಾಗಿ ಇವು ಮೂರು ಲೆಕ್ಕಕ್ಕೆ ಬರುತ್ತವೆ. ಸ್ಪೇಸರ್ ಹಾಕಿದರೆ ಚಕ್ರ ಹೊರಗೆ ಹೋಗುತ್ತದೆ. ಪ್ಲೇಟುಗಳು ಚಾಸಿಯಲ್ಲಿ ಎಲ್ಲಿದ್ದವೋ ಅಲ್ಲೇ ಇರುತ್ತವೆ. ಮೇಲಿನ ಬಾಡಿಗೆ ಕೆಳಗಡೆ ಚಕ್ರ ಹೊರಗೆ ಸರಿದದ್ದು ಗೊತ್ತೂ ಆಗುವುದಿಲ್ಲ. ಮುಂದುಗಡೆ ಎರಡೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಇರುವುದರಿಂದ ಅಲ್ಲಿ ಸ್ವಲ್ಪ ಫರಕು ಬರುತ್ತದೆ, ನಿಜ. ಆದರೆ ನಿಮ್ಮ ಚೀಲಗಳು ಕೂತಿರುವುದು ಹಿಂದೆ.

ಪಲ್ಟಿಗೆ ಮಾತ್ರ ಅಗಲ ಲೆಕ್ಕಕ್ಕೆ ಬರುತ್ತದೆ. ಅದನ್ನೂ ಅಳೆದೇ ನೋಡೋಣ. ಎಡ ಟೈರಿನ ಮಧ್ಯದಿಂದ ಬಲ ಟೈರಿನ ಮಧ್ಯಕ್ಕೆ ಇರುವ ದೂರವನ್ನು ಟ್ರ್ಯಾಕ್ ಅಂತಾರೆ. ಗಾಡಿಯ ಒಟ್ಟು ಭಾರದ ಮಧ್ಯಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಇನ್ನೊಂದು ಅಳತೆ. ಟ್ರ್ಯಾಕಿನ ಅರ್ಧವನ್ನು ಈ ಎತ್ತರದಿಂದ ಭಾಗಿಸಿದರೆ ಬರುವ ಅಂಕಿಯೇ ಗಾಡಿ ಪಲ್ಟಿಗೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಸರಳ ಅಳತೆ. ಅಂಕಿ ದೊಡ್ಡದಿದ್ದಷ್ಟು ಒಳ್ಳೆಯದು.

ಟ್ರ್ಯಾಕ್ 1,570 ಮಿ.ಮೀ. ಇದೆ, ಖಾಲಿ ಗಾಡಿಯ ಭಾರದ ಮಧ್ಯಬಿಂದು 750 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಅಂಕಿ 1.05 ಬರುತ್ತದೆ. ಎರಡೂ ಕಡೆ 38 ಮಿ.ಮೀ. ಸ್ಪೇಸರ್ ಹಾಕಿದರೆ ಟ್ರ್ಯಾಕ್ 76 ಮಿ.ಮೀ. ಹೆಚ್ಚುತ್ತದೆ, ಅಂಕಿ 1.10 ಆಗುತ್ತದೆ. ಶೇ. 5ರಷ್ಟು ಲಾಭ. ಈಗ ಚೀಲ ಹೇರಿ. ಒಣ ಮೆಣಸಿನಕಾಯಿ ಹಗುರ, ಆದರೆ ಚೀಲ ದೊಡ್ಡದು. ಅದಕ್ಕೇ ಎಲ್ಲರೂ ಕ್ಯಾಬಿನ್‌ಗಿಂತ ಮೇಲಕ್ಕೆ ಒಟ್ಟುತ್ತಾರೆ. ಹಾಗೆ ಒಟ್ಟಿದಾಗ ಮಧ್ಯಬಿಂದು 900 ಮಿ.ಮೀ.ಗೆ ಏರಿತು ಅನ್ನಿ. ಸ್ಪೇಸರ್ ಇಲ್ಲದೆ ಅಂಕಿ 0.87ಕ್ಕೆ ಬೀಳುತ್ತದೆ. ಸ್ಪೇಸರ್ ಇದ್ದರೆ 0.91. ಎತ್ತರದಿಂದ ಹೋದದ್ದು ಶೇ. 17, ಅಗಲದಿಂದ ವಾಪಸ್ ಬಂದದ್ದು ಶೇ. 5 ಅಷ್ಟೇ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಸ್ಪೇಸರ್‌ನಿಂದ ಬರುವ ಅಷ್ಟೂ ಲಾಭ ಬೇಕೆಂದರೆ ಭಾರದ ಮಧ್ಯಬಿಂದುವನ್ನು ಸುಮಾರು 4 ಸೆಂ.ಮೀ. ಇಳಿಸಿದರೆ ಸಾಕು. ಗಾಡಿಯ ಒಟ್ಟು ತೂಕದಲ್ಲಿ ಲೋಡು ಕಾಲು ಭಾಗ ಇದ್ದರೆ, ಲೋಡಿನ ಮಧ್ಯ 16–17 ಸೆಂ.ಮೀ. ಇಳಿಯಬೇಕು. ಮೆಣಸಿನಕಾಯಿ ಚೀಲ ಎಷ್ಟು ದಪ್ಪ ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲಿನ ಒಂದು ಸಾಲು ಬಿಟ್ಟುಬಿಟ್ಟರೆ ಅಷ್ಟು ಇಳಿದೇ ಇಳಿಯುತ್ತದೆ. ಅಂಗಡಿಯವರು ಮಾರುತ್ತಿರುವ ನಾಲ್ಕು ಸ್ಪೇಸರ್ ಮಾಡುವ ಕೆಲಸವನ್ನು ಮೇಲಿನ ಒಂದು ಸಾಲು ಚೀಲ ಇಳಿಸಿದರೆ ಪುಕ್ಕಟೆ ಮಾಡಬಹುದು. ಅದರ ಜೊತೆಗೆ ಓಲಾಟವೂ ಕಡಿಮೆ ಆಗುತ್ತದೆ. ಅದನ್ನು ಸ್ಪೇಸರ್ ಮಾಡುವುದಿಲ್ಲ.

ಓಲಾಟಕ್ಕೆ ನಿಜವಾಗಿ ಏನು ನೋಡಬೇಕು ಅಂತಲೂ ಇಲ್ಲೇ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಗಾಡಿ ಅಂದಿರಿ. ಹಿಂದಿನ ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದೆಯಾ ನೋಡಿ. ಇದ್ದರೆ ಅದು ಸತ್ತಿದೆ ಅಂತಲೇ ಅರ್ಥ. ಕಮಾನು ಪ್ಲೇಟಿನ ಎರಡೂ ತುದಿಯ ರಬ್ಬರ್ ಬುಷ್‌ಗಳು ಸವೆದಿದ್ದರೆ, ಪ್ಲೇಟಿನ ಕಟ್ಟನ್ನು ಆಕ್ಸಲ್‌ಗೆ ಬಿಗಿದ ಯು-ಬೋಲ್ಟ್ ಸಡಿಲ ಇದ್ದರೆ, ತಿರುವಿನಲ್ಲಿ ಹಿಂಭಾಗ ತಾನೇ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಂತೆ ಅನ್ನಿಸುತ್ತದೆ. ನೀವು ಬರೆದ ಭಯ ಇದೇ ಇರಬಹುದು. ಮುರಿದ ಪ್ಲೇಟು ಇದೆಯಾ ಅಂತಲೂ ಒಂದೊಂದಾಗಿ ನೋಡಿ, ಮಣ್ಣು ಮೆತ್ತಿದ್ದರೆ ಕಾಣುವುದಿಲ್ಲ, ತೊಳೆದು ನೋಡಿ. ಆಮೇಲೆ ಗಾಳಿ. ಡ್ರೈವರ್ ಬಾಗಿಲಿನ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಲೋಡಿಗೆ ಹಿಂದಿನ ಟೈರಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅಷ್ಟೇ ಹಿಡಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಟೈರು ಒಡೆಯುತ್ತೆ ಅಂತ ಹೆದರಿ ಗಾಳಿ ಕಮ್ಮಿ ಬಿಡುವ ರೂಢಿ ಇದೆ. ಅದು ಪೂರಾ ತಪ್ಪು. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕದ ಗೋಡೆ ಜಾಸ್ತಿ ಮಡಚಿ ಜಾಸ್ತಿ ಕಾಯುತ್ತದೆ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಅಳೆಯಿರಿ.

ಹೇರುವಾಗ ಭತ್ತದ ಚೀಲ ಒಂದೆರಡು ಜೊತೆಗಿದ್ದರೆ ಅವನ್ನು ತಳದಲ್ಲಿ, ಕ್ಯಾಬಿನ್ ಗೋಡೆಗೆ ತಾಗಿಸಿ ಇಡಿ. ಬಾಡಿಯ ಹಿಂದಿನ ಬಾಗಿಲಿನ ಹತ್ತಿರ ಭಾರ ಬಿದ್ದರೆ ಮುಂಚಕ್ರ ಹಗುರವಾಗುತ್ತದೆ, ಸ್ಟೇರಿಂಗ್ ತೇಲುತ್ತದೆ. ಹಗ್ಗ ಬಿಗಿಯಾಗಿರಲಿ. ಒಂದು ಗಂಟೆ ಓಡಿಸಿದ ಮೇಲೆ ಚೀಲಗಳು ಕುಸಿದು ಹಗ್ಗ ಸಡಿಲ ಆಗುತ್ತದೆ, ನಿಲ್ಲಿಸಿ ಮತ್ತೆ ಬಿಗಿದುಕೊಳ್ಳಿ. ಆರ್‌ಸಿಯಲ್ಲಿ ಗಾಡಿಗೆ ಎಷ್ಟು ತೂಕ ಬರೆದಿದೆ ಅಂತ ಒಮ್ಮೆ ತೆಗೆದು ಓದಿ. ವಿ-ಕ್ರಾಸ್ ನೋಡೋಕೆ ದೊಡ್ಡದು, ಆದರೆ ಲೋಡಿಗೆಂದೇ ಮಾಡಿದ ಪಿಕಪ್‌ಗಳ ಹಾಗೆ ಅಂದುಕೊಳ್ಳಬೇಡಿ.

ಈಗ ನಿಮ್ಮ ಮೆಕ್ಯಾನಿಕ್ ಹೇಳಿದ ಬೇರಿಂಗ್ ವಿಷಯ. ಹಿಂದಿನ ಆಕ್ಸಲ್‌ನಲ್ಲಿ ಚಕ್ರ ಕೂತಿರುವುದು ಆಕ್ಸಲ್ ಶಾಫ್ಟ್‌ನ ತುದಿಯ ಮೇಲೆಯೇ. ಬೇರಿಂಗ್ ಅದಕ್ಕಿಂತ ಒಳಗಿದೆ. ಚಕ್ರವನ್ನು 38 ಮಿ.ಮೀ. ಹೊರಗೆ ಸರಿಸಿದರೆ ಭಾರ ಬೀಳುವ ಜಾಗ ಬೇರಿಂಗ್‌ನಿಂದ ಅಷ್ಟೇ ದೂರ ಹೋಗುತ್ತದೆ. ಲೋಡು ಇದ್ದಾಗ ಹಿಂದಿನ ಒಂದು ಚಕ್ರದ ಮೇಲೆ 600 ಕೆ.ಜಿ. ಇದೆ ಅನ್ನಿ. ಆಗ ಶಾಫ್ಟ್ ಮೇಲೆ ಹೊಸದಾಗಿ ಬೀಳುವ ಬಾಗುಬಲ ಸುಮಾರು 220 ನ್ಯೂಟನ್ ಮೀಟರ್. ಹಬ್‌ಗೆ ಒಂದು ಮೀಟರ್ ಉದ್ದದ ಸಲಾಕೆ ಬೆಸೆದು ಅದರ ತುದಿಗೆ 23 ಕೆ.ಜಿ. ತೂಗುಹಾಕಿದ ಹಾಗೆ. ಇದು ಗಾಡಿ ಸುಮ್ನೆ ನಿಂತಿದ್ದಾಗಿನ ಮಾತು. ಗುಂಡಿಗೆ ಬಿದ್ದಾಗ ಇದು ಎರಡು ಪಟ್ಟು, ಮೂರು ಪಟ್ಟು ಆಗುತ್ತದೆ. ಶಾಫ್ಟ್ ತಿರುಗುತ್ತಾ ಇರುವುದರಿಂದ ಪ್ರತಿ ಸುತ್ತಿಗೂ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಅಂತ ಬಾಗುತ್ತದೆ. ನಿಮ್ಮ ಟೈರು ಕಿಲೋಮೀಟರಿಗೆ 400ಕ್ಕೂ ಹೆಚ್ಚು ಸಲ ತಿರುಗುತ್ತದೆ. ಸಿರುಗುಪ್ಪದಿಂದ ಬಳ್ಳಾರಿಗೆ ಒಂದು ಸಲ ಹೋಗಿ ಬಂದರೆ ಎಷ್ಟು ಸಾವಿರ ಆಯಿತು ಅಂತ ನೀವೇ ಗುಣಿಸಿ. ಲೋಹ ದಣಿಯುವುದು ಹೀಗೆಯೇ.

ಬೇರಿಂಗ್‌ನದ್ದು ಇನ್ನೂ ಕಠಿಣ ಲೆಕ್ಕ. ಅದರ ಮೇಲಿನ ಹೊರೆ ಶೇ. 10 ಹೆಚ್ಚಾದರೆ ಆಯುಷ್ಯ ಶೇ. 10 ಕಡಿಮೆ ಆಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಸುಮಾರು ಕಾಲು ಭಾಗ ಕಡಿಮೆ ಆಗುತ್ತದೆ, ಯಾಕೆಂದರೆ ಆಯುಷ್ಯ ಹೊರೆಯ ಮೂರನೇ ಘಾತಕ್ಕೆ ಇಳಿಯುತ್ತದೆ. ನಿಮ್ಮ ತಮ್ಮ "ಏನೂ ಆಗಿಲ್ಲ" ಅನ್ನುವುದು ಸುಳ್ಳಲ್ಲ. ಬೇರಿಂಗ್ ಹಾಕಿಸಿದ ವಾರಕ್ಕೇ ಹೋಗುವುದಿಲ್ಲ. ಲಕ್ಷ ಕಿಲೋಮೀಟರ್ ಬಾಳಬೇಕಾದದ್ದು ಎಪ್ಪತ್ತಕ್ಕೋ ಎಪ್ಪತ್ತೈದಕ್ಕೋ ಹೋದರೆ ಯಾರೂ ಸ್ಪೇಸರ್ ಮೇಲೆ ತಪ್ಪು ಹೊರಿಸುವುದಿಲ್ಲ, ಅಲ್ವಾ? ರೋಡು ಸರಿ ಇಲ್ಲ ಅಂತಾರೆ.

ಮುಂಚಕ್ರದ ತೊಂದರೆ ಬೇರೆ ಥರ, ನನಗೆ ಅದೇ ಹೆಚ್ಚು ಚಿಂತೆ. ನಿಮ್ಮ ಕಡೆಯ ಹಳ್ಳಿ ರಸ್ತೆ ನೆನಪಿಸಿಕೊಳ್ಳಿ. ನಡುವೆ ಒಂದು ಗಾಡಿ ಹೋಗುವಷ್ಟು ಡಾಂಬರು, ಎರಡೂ ಪಕ್ಕ ಎರೆ ಮಣ್ಣು. ಎದುರಿಗೆ ಬಸ್ಸು ಬಂದಾಗ ಎಡಗಡೆಯ ಎರಡು ಚಕ್ರ ಮಣ್ಣಿಗೆ ಇಳಿಸಿ ದಾರಿ ಬಿಡುತ್ತೀರಿ. ಅದೇ ಹೊತ್ತಿಗೆ ಬ್ರೇಕ್ ಹೊಡೆಯಬೇಕಾಗಿ ಬಂತು ಅನ್ನಿ. ಮಳೆ ಬಂದಿದ್ದರೆ ಎಡ ಚಕ್ರಕ್ಕೆ ಹಿಡಿತ ಇಲ್ಲ, ಡಾಂಬರಿನ ಮೇಲಿನ ಬಲ ಚಕ್ರಕ್ಕೆ ಪೂರ್ತಿ ಹಿಡಿತ. ಗಾಡಿ ಬಲಕ್ಕೆ ಎಳೆಯುತ್ತದೆ. ಇದು ಯಾವ ಗಾಡಿಯಲ್ಲೂ ಸ್ವಲ್ಪ ಇರುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಮುಂಚಕ್ರ ಯಾವ ಗೆರೆಯ ಸುತ್ತ ಎಡಕ್ಕೆ ಬಲಕ್ಕೆ ತಿರುಗುತ್ತದೋ, ಸ್ಪೇಸರ್ ಹಾಕಿದರೆ ಅದರಿಂದ ಟೈರಿನ ಮಧ್ಯ ಇನ್ನೂ 38 ಮಿ.ಮೀ. ಹೊರಗೆ ಹೋಗಿರುತ್ತದೆ. ಆಗ ಬಲ ಚಕ್ರದ ಬ್ರೇಕಿನ ಎಳೆತ ಸ್ಟೇರಿಂಗನ್ನೇ ಬಲಕ್ಕೆ ತಿರುಗಿಸುತ್ತದೆ. ಬಲಕ್ಕೆ ಅಂದರೆ ಬಸ್ಸಿನ ಕಡೆಗೆ. ಎಬಿಎಸ್ ಇದ್ದರೆ ಈ ಎಳೆತ ಸ್ವಲ್ಪ ತಗ್ಗುತ್ತದೆ, ಹೋಗುವುದಿಲ್ಲ. ಕಂಪನಿಯವರು ಈ ಅಳತೆಯನ್ನು ಕೂದಲೆಳೆಯಷ್ಟು ಲೆಕ್ಕ ಹಾಕಿ ಇಟ್ಟಿರುತ್ತಾರೆ. ಖಾಲಿ ಹೆದ್ದಾರಿಯಲ್ಲಿ ಓಡಿಸಿದಾಗ ಇದು ಕೈಗೆ ಗೊತ್ತಾಗುವುದಿಲ್ಲ. ಗುಂಡಿ ಬಂದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋದ ಹಾಗೆ ಆಗುವುದು ಮಾತ್ರ ಮೊದಲ ದಿನವೇ ಗೊತ್ತಾಗುತ್ತದೆ.

ಹಾಗಾದರೆ ಹಿಂದಕ್ಕೆ ಮಾತ್ರ ಹಾಕಿಸಲಾ ಅಂತ ಕೆಲವರು ಕೇಳುತ್ತಾರೆ. ಆಗ ಹಿಂಚಕ್ರ ಮುಂಚಕ್ರದ ಜಾಡಿನಲ್ಲಿ ಬರುವುದಿಲ್ಲ. ಎರೆ ಹೊಲದ ಹಸಿ ದಾರಿಯಲ್ಲಿ ಮುಂಚಕ್ರ ಒತ್ತಿ ಮಾಡಿದ ಜಾಡು ಹಿಂಚಕ್ರಕ್ಕೆ ಸಿಗದೆ, ಅದು ತನ್ನದೇ ಹೊಸ ಜಾಡು ತುಳಿಯಬೇಕು. ಎಂಜಿನ್‌ಗೆ ಎಳೆತ ಜಾಸ್ತಿ, ಸಿಕ್ಕಿಕೊಳ್ಳುವುದೂ ಬೇಗ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ಆದರೆ ರೈತರು ಯಾವಾಗಲೂ ಕೇಳುತ್ತಾರೆ. ಟ್ರ್ಯಾಕ್ಟರ್ ಚಕ್ರವನ್ನು ನಾವೇ ಅಗಲ ಮಾಡಿಕೊಳ್ಳುತ್ತೇವಲ್ಲ, ಅದು ಹೇಗೆ ನಡೆಯುತ್ತೆ ಅಂತ. ಟ್ರ್ಯಾಕ್ಟರಿನ ಹಿಂದಿನ ರಿಮ್ಮು, ಡಿಸ್ಕು ಬೇರೆ ಬೇರೆ ಇರುತ್ತವೆ. ಅವನ್ನು ತಿರುವಿ ಹಾಕಿದರೆ ಸಾಲಿನ ಅಂತರಕ್ಕೆ ತಕ್ಕ ಅಗಲ ಸಿಗುತ್ತದೆ. ಮುಂದಿನ ಆಕ್ಸಲ್ ಬೀಮನ್ನು ತೂತು ನೋಡಿ ಎಳೆದು ಪಿನ್ನು ಹಾಕುತ್ತಾರೆ. ಇದೆಲ್ಲ ಕಂಪನಿಯೇ ಲೆಕ್ಕ ಹಾಕಿ ಕೊಟ್ಟ ಅಳತೆಗಳು, ಆ ಅಗಲಕ್ಕೆ ತಕ್ಕ ಆಕ್ಸಲ್ಲು, ಬೇರಿಂಗನ್ನೇ ಕೂರಿಸಿರುತ್ತಾರೆ. ಓಡುವ ವೇಗವೂ ಕಡಿಮೆ. ನಿಮ್ಮ ಪಿಕಪ್‌ನ ಹಬ್ಬನ್ನು ಒಂದೇ ಅಳತೆಗೆ ಮಾಡಿದ್ದಾರೆ.

ಈಗ "ಫಾರ್ಚುನರ್‌ಗೂ ವಿ-ಕ್ರಾಸ್‌ಗೂ ಒಂದೇ ಸೆಟ್" ಎಂಬ ಮಾತಿಗೆ ಬರೋಣ. ಇದು ಅರ್ಧ ಸತ್ಯ, ಅದಕ್ಕೇ ಅಪಾಯ. ಎರಡಕ್ಕೂ ಆರು ಬೋಲ್ಟು. ಬೋಲ್ಟುಗಳು ಕೂತಿರುವ ವೃತ್ತದ ಅಳತೆಯೂ ಎರಡರಲ್ಲೂ ಒಂದೇ, 139.7 ಮಿ.ಮೀ. ಹಾಗಾಗಿ ತೂತಿಗೆ ತೂತು ಸೇರುತ್ತದೆ, ನಟ್ಟೂ ಬಿಗಿಯಾಗುತ್ತದೆ. ಆದರೆ ಹಬ್‌ನ ನಡುವೆ ಮುಂದಕ್ಕೆ ಚಾಚಿಕೊಂಡ ಒಂದು ದುಂಡು ಭಾಗ ಇದೆ. ಚಕ್ರ ಅದರ ಮೇಲೆ ಬಿಗಿಯಾಗಿ ಕೂತು ನಡುಮಧ್ಯಕ್ಕೆ ಬರುತ್ತದೆ. ಇಸುಜುವಿನಲ್ಲಿ ಅದರ ಅಳತೆ ಸುಮಾರು 100 ಮಿ.ಮೀ., ಫಾರ್ಚುನರ್‌ನಲ್ಲಿ ಸುಮಾರು 106. ಫಾರ್ಚುನರ್ ಸ್ಪೇಸರ್ ತಂದು ನಿಮ್ಮ ಹಬ್‌ಗೆ ಹಾಕಿದರೆ ಸುತ್ತಲೂ 3 ಮಿ.ಮೀ. ಖಾಲಿ ಉಳಿಯುತ್ತದೆ. ಆಗ ಚಕ್ರವನ್ನು ನಡುವಿಗೆ ತರುವ ಕೆಲಸ ಸ್ಟಡ್‌ಗಳ ಮೇಲೆಯೇ, ಅಂದರೆ ನಟ್ಟು ಬಿಗಿಯುವ ಆ ಬೋಲ್ಟುಗಳ ಮೇಲೆಯೇ ಬೀಳುತ್ತದೆ. 80ರ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ಅಂಗಡಿಗೆ ಹೋದಾಗ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಕೇಳಿ ಸ್ಪೇಸರ್‌ನ ನಡುವಿನ ತೂತು ಅಳೆಸಿ. ಅಳೆಯಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಚಕ್ರವನ್ನು ಹಿಡಿದಿರುವುದು ಏನು ಅಂತ ಒಮ್ಮೆ ಯೋಚಿಸಿ. ಬೋಲ್ಟಿನ ದಪ್ಪ ಅಂತ ನಾವು ಅಂದುಕೊಂಡಿರುತ್ತೇವೆ. ನಿಜವಾಗಿ ಹಿಡಿದಿರುವುದು ರಿಮ್ಮಿನ ಮುಖ ಹಬ್ಬಿನ ಮುಖಕ್ಕೆ ಒತ್ತಿಕೊಂಡಿರುವ ಒತ್ತಡ, ಅದರಿಂದ ಹುಟ್ಟುವ ಘರ್ಷಣೆ. ನಟ್ಟು ಬಿಗಿದಾಗ ಸ್ಟಡ್ ಕಣ್ಣಿಗೆ ಕಾಣದಷ್ಟು ಉದ್ದಕ್ಕೆ ಎಳೆದುಕೊಂಡು ಎರಡೂ ಮುಖಗಳನ್ನು ಅದುಮಿ ಹಿಡಿಯುತ್ತದೆ. ಆ ಎಳೆತ ಇರುವವರೆಗೆ ಸ್ಟಡ್‌ಗೆ ಅಡ್ಡ ಹೊಡೆತ ಬೀಳುವುದೇ ಇಲ್ಲ. ಎಳೆತ ಹೋದ ಕ್ಷಣದಿಂದ ಚಕ್ರ ಪ್ರತಿ ಸುತ್ತಿನಲ್ಲೂ ಸ್ಟಡ್‌ಗಳನ್ನು ಅಡ್ಡಕ್ಕೆ ಕತ್ತರಿಸಲು ಶುರು ಮಾಡುತ್ತದೆ. ಸ್ಪೇಸರ್ ಹಾಕಿದರೆ ಒಂದು ಜೋಡಣೆ ಇದ್ದ ಕಡೆ ಎರಡು ಆಗುತ್ತವೆ: ಹಬ್ ಮತ್ತು ಸ್ಪೇಸರ್ ನಡುವೆ ಒಂದು, ಸ್ಪೇಸರ್ ಮತ್ತು ರಿಮ್ಮಿನ ನಡುವೆ ಇನ್ನೊಂದು. ಸ್ಪೇಸರನ್ನು ಹಬ್‌ಗೆ ಬಿಗಿದ ಒಳಗಿನ ಆರು ನಟ್ಟುಗಳು ಚಕ್ರ ಬಿಚ್ಚದೆ ಕಾಣುವುದಿಲ್ಲ. ಪಂಚರ್ ಅಂಗಡಿಯವರು ಹೊರಗಿನ ಆರು ನಟ್ಟು ಬಿಗಿದು ಕಳಿಸುತ್ತಾರೆ. ಒಳಗೆ ಆರು ಇವೆ ಅಂತ ಅವರಿಗೆ ಗೊತ್ತೇ ಇರುವುದಿಲ್ಲ.

ನಮ್ಮ ವರ್ಕ್‌ಶಾಪಿಗೆ ಹಿಂದೆ ಒಂದು ಪಿಕಪ್ ಬಂದಿತ್ತು. ನಿಧಾನಕ್ಕೆ ಹೋಗುವಾಗ ಹಿಂದೆ ಟಕ್ ಟಕ್ ಅನ್ನುತ್ತೆ ಅಂತ ದೂರು. ಹೊರಗಿನ ನಟ್ಟೆಲ್ಲ ಭದ್ರ. ಚಕ್ರ ಬಿಚ್ಚಿದಾಗ ಸ್ಪೇಸರ್ ಕೈಯಲ್ಲೇ ಅಲುಗಾಡಿತು. ಅದನ್ನೂ ಬಿಚ್ಚಿದೆವು. ಹಬ್ಬಿನ ಮುಖದ ಮೇಲೆ ಒಣಗಿದ ಎರೆ ಮಣ್ಣಿನ ಪದರ ಹಾಗೇ ಇತ್ತು, ಅದರ ಮೇಲೆಯೇ ಸ್ಪೇಸರ್ ಕೂರಿಸಿದ್ದರು. ಒಣಗಿದಾಗ ಎರೆ ಮಣ್ಣು ಕಲ್ಲಿನಷ್ಟು ಗಟ್ಟಿ ಅನ್ನಿಸುತ್ತದೆ. ಓಡುತ್ತಾ ಓಡುತ್ತಾ ಪುಡಿಯಾಗಿ ಉದುರಿ, ಅಷ್ಟು ಜಾಗ ಸಡಿಲ ಬಿಟ್ಟಿತ್ತು. ದುಂಡಗಿರಬೇಕಾದ ತೂತುಗಳು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಒಂದು ಸ್ಟಡ್ ಬುಡದಲ್ಲೇ ಮುರಿದು ನಟ್ಟಿನೊಳಗೇ ಕೂತಿತ್ತು. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ತುಕ್ಕು ಹಿಡಿದು ಕಪ್ಪಾಗಿತ್ತು, ಕಾಲು ಭಾಗ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ಬಿರುಕು ತುಂಬ ದಿನದಿಂದ ಬೆಳೆಯುತ್ತಾ ಬಂದಿತ್ತು. ಗಾಡಿಯ ಯಜಮಾನರು ಅದೇ ಚಕ್ರದ ಮೇಲೆ ಮನೆಮಂದಿಯನ್ನು ಕೂರಿಸಿಕೊಂಡು ಓಡಾಡಿದ್ದರು. ಆ ಸ್ಟಡ್ ನೋಡಿದಾಗಿನಿಂದ ಸ್ಪೇಸರ್ ಹಾಕಿದ ಯಾವ ಗಾಡಿ ಬಂದರೂ ನಾನು ಮೊದಲು ಚಕ್ರ ಬಿಚ್ಚಿಸುತ್ತೇನೆ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದೆ ಬಿಡಿಭಾಗ ಕೂರಿಸಿ ಗಾಡಿ ಬದಲಾಯಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು ಅಂತ ಸೇರಿಸಿದರು. ದಂಡಕ್ಕಿಂತ ಇನ್ಶೂರೆನ್ಸ್ ದೊಡ್ಡ ವಿಷಯ. ಅಪಘಾತವಾಗಿ ಸರ್ವೇಯರ್ ಬಂದು ಸ್ಪೇಸರ್ ನೋಡಿದರೆ, ಇನ್ಶೂರೆನ್ಸ್ ಕಂಪನಿಗೆ ತಿಳಿಸದ ಬದಲಾವಣೆ ಅಂತ ಕ್ಲೇಮಿಗೆ ತಕರಾರು ತೆಗೆಯಲು ಅವರಿಗೆ ದಾರಿ ಸಿಗುತ್ತದೆ. ಹಾಗೆ ನೋಡಿದರೆ ಟೈರು ಮಡ್‌ಗಾರ್ಡಿನಿಂದ ಹೊರಗೆ ಬಂದರೆ ಹಿಂದೆ ಬರುವ ಬೈಕಿನವರ ಮುಖಕ್ಕೆ ಕಲ್ಲು ಹಾರುತ್ತದೆ, ಅದನ್ನೂ ನೆನಪಿಡಬೇಕು.

ಚಕ್ರ ಒಳಗೆ ಕೂತಂತೆ ಕಾಣುತ್ತದೆ ಅಂದಿರಿ. ಆ ಆಸೆ ತಪ್ಪಲ್ಲ, ತನ್ನ ಗಾಡಿ ಚೆನ್ನಾಗಿ ಕಾಣಲಿ ಅಂತ ಯಾರಿಗೆ ಇರುವುದಿಲ್ಲ? ಅದಕ್ಕೆ ರಿಮ್ಮೇ ಬದಲಿಸುವುದು ವಾಸಿ. ರಿಮ್ಮಿನ ಹಿಂದೆ ಇಟಿ ಎಂಬ ಎರಡು ಇಂಗ್ಲಿಷ್ ಅಕ್ಷರದ ಪಕ್ಕ ಒಂದು ಅಂಕಿ ಅಚ್ಚೊತ್ತಿರುತ್ತದೆ. ಅದು ಆಫ್‌ಸೆಟ್. ಅಂಕಿ ಕಡಿಮೆ ಆದಷ್ಟು ಚಕ್ರ ಹೊರಗೆ ಬರುತ್ತದೆ. ನಿಮ್ಮದರಲ್ಲಿ 33 ಇದೆ ಅನ್ನಿ. 20 ಇರುವ ರಿಮ್ ಹಾಕಿದರೆ ಚಕ್ರ 13 ಮಿ.ಮೀ. ಹೊರಗೆ ಬರುತ್ತದೆ. ಕಣ್ಣಿಗೆ ಅಷ್ಟು ಸಾಕು. ಬೇರಿಂಗ್ ಮೇಲಿನ ಹೊರೆ ಸ್ವಲ್ಪ ಏರುತ್ತದೆ ನಿಜ, ಆದರೆ ನಡುವೆ ಇನ್ನೊಂದು ಜೋಡಣೆ ಇರುವುದಿಲ್ಲ, ಕಾಣದ ನಟ್ಟು ಇರುವುದಿಲ್ಲ. ಅದೇ 33ರ ರಿಮ್ಮಿಗೆ 38 ಮಿ.ಮೀ. ಸ್ಪೇಸರ್ ಹಾಕಿದರೆ ಲೆಕ್ಕ ಸೊನ್ನೆಗಿಂತ ಕೆಳಗೆ 5ಕ್ಕೆ ಹೋಗುತ್ತದೆ. ಕಂಪನಿಯ ಲೆಕ್ಕದಿಂದ ಎಷ್ಟು ದೂರ ಬಂದಿರಿ ಅಂತ ಇದರಲ್ಲೇ ಗೊತ್ತಾಗುತ್ತದೆ. ರಿಮ್ ಬದಲಿಸುವ ಮುಂಚೆ ಅಂಗಡಿಯಲ್ಲೇ ಮುಂಚಕ್ರಕ್ಕೆ ಒಂದು ಹಾಕಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರು ಎಲ್ಲಿಯಾದರೂ ಉಜ್ಜುತ್ತದಾ ನೋಡಿ. ಒಂದು ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ ಇನ್ನೊಮ್ಮೆ ನೋಡಿ. ಸಮ ನೆಲದಲ್ಲಿ ಉಜ್ಜದ್ದು ಅಲ್ಲಿ ಉಜ್ಜುತ್ತದೆ.

ಇಷ್ಟು ಹೇಳಿದರೂ ಕೆಲವರು ಹಾಕಿಸಿಯೇ ಹಾಕಿಸುತ್ತಾರೆ. ಲೋಡು ಹೇರದ, ಮನೆ ಬಳಕೆಯ ಗಾಡಿಗೆ ಹಾಕಿಸುವವರಿಗೆ ನನ್ನ ಮಾತು ಇಷ್ಟು. ಫೋರ್ಜ್ ಮಾಡಿದ (ಒತ್ತಡ ಹಾಕಿ ರೂಪಿಸಿದ) ಅಲ್ಯೂಮಿನಿಯಂ ಸ್ಪೇಸರ್ ಇರಲಿ, ನಿಮ್ಮ ಹಬ್ಬಿನ ಅಳತೆಗೇ ಕೊರೆದದ್ದಿರಲಿ, ಹೊರಮುಖದಲ್ಲೂ ರಿಮ್ ಕೂರಲು ಅದೇ ಅಳತೆಯ ಅಂಚು ಇರಲಿ. ಸ್ಟಡ್ ಮೇಲೆ ಅದರ ಬಲದ ದರ್ಜೆ ಹೇಳುವ 10.9 ಎಂಬ ಗುರುತು ಇರಲಿ. ಹಬ್ಬಿನ ಮುಖವನ್ನು ತಂತಿ ಬ್ರಷ್‌ನಿಂದ ಬರೀ ಲೋಹ ಕಾಣುವವರೆಗೆ ಉಜ್ಜಿಸಿ. ಹಿಂದಿನ ಡ್ರಮ್ ಮೇಲೆ ಸ್ಕ್ರೂ ತಲೆಯೋ ಕ್ಲಿಪ್ಪೋ ಎದ್ದಿದ್ದರೆ ಸ್ಪೇಸರ್ ಸಪಾಟಾಗಿ ಕೂರುವುದಿಲ್ಲ. ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಸುತ್ತು ಎಣಿಸಿ. 12 ಮಿ.ಮೀ. ಸ್ಟಡ್‌ಗೆ ಕಡೇಪಕ್ಷ 8 ಪೂರ್ತಿ ಸುತ್ತು ಹಿಡಿಯಬೇಕು. ಗ್ರೀಸು, ಎಣ್ಣೆ ಹಚ್ಚಬೇಡಿ. ಹಚ್ಚಿದರೆ ಅದೇ ಟಾರ್ಕಿಗೆ, ಅಂದರೆ ಬಿಗಿಯುವ ಅದೇ ತಿರುಗುಬಲಕ್ಕೆ, ಸ್ಟಡ್ ಬೇಕಾದ್ದಕ್ಕಿಂತ ಜಾಸ್ತಿ ಎಳೆಯುತ್ತದೆ. ಗಾಳಿ ಗನ್ನಿನಿಂದಲೂ ಬೇಡ, ಪಾನಾಗೆ ಪೈಪು ಸೇರಿಸಿ ತುಳಿಯುವುದೂ ಬೇಡ. ಆ ಬಲ ಅಳೆದು ಬಿಗಿಯುವ ಟಾರ್ಕ್ ರೆಂಚ್ ಇರುವ ಕಡೆ ಎದುರುಬದುರು ನಟ್ಟು ಹಿಡಿದು ಬಿಗಿಸಿ. ಈ ದಪ್ಪದ ಸ್ಟಡ್‌ಗೆ ಸಾಮಾನ್ಯವಾಗಿ 100ರಿಂದ 120 ನ್ಯೂಟನ್ ಮೀಟರ್, ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವ ಅಂಕಿಯೇ ಕೊನೆಯ ಮಾತು. 100 ಕಿಲೋಮೀಟರ್ ಓಡಿದ ಮೇಲೆ ಚಕ್ರ ಬಿಚ್ಚಿ ಒಳಗಿನ ನಟ್ಟನ್ನು ಮತ್ತೆ ಬಿಗಿಯಬೇಕು. ಆಮೇಲೂ ಟೈರು ಅದಲು ಬದಲು ಮಾಡಿದಾಗಲೆಲ್ಲ.

ಕೊನೆಗೆ ನಿಮ್ಮ ತಮ್ಮನ ಗಾಡಿ. ಇದನ್ನು ಮುಂದೂಡಬೇಡಿ, ಈ ವಾರವೇ ಚಕ್ರ ಬಿಚ್ಚಿಸಿ. 25 ಮಿ.ಮೀ. ದಪ್ಪದಲ್ಲಿ ಒಂದು ಸಿಕ್ಕು ಇದೆ. ಹಬ್ಬಿನ ಹಳೇ ಸ್ಟಡ್‌ಗಳು ಅದಕ್ಕಿಂತ ಉದ್ದ ಇದ್ದರೆ ಸ್ಪೇಸರ್‌ನಿಂದ ಆಚೆ ಇಣುಕುತ್ತವೆ, ರಿಮ್ಮಿಗೆ ತಾಗುತ್ತವೆ. ರಿಮ್ಮಿನ ಹಿಂದೆ ಅದಕ್ಕೆ ಗುಳಿ ಇಲ್ಲದಿದ್ದರೆ ರಿಮ್ ಸ್ಪೇಸರ್ ಮೇಲೆ ಕೂರದೆ ಸ್ಟಡ್ ತುದಿಗಳ ಮೇಲೆ ಕೂತಿರುತ್ತದೆ. ಅದಕ್ಕಾಗಿ ಗ್ರೈಂಡರ್ ಹಿಡಿದು ಸ್ಟಡ್ ತುದಿ ಕತ್ತರಿಸಿರುವುದೂ ಉಂಟು. ಹಾಗೆ ಕತ್ತರಿಸಿದ್ದರೆ ನಟ್ಟಿಗೆ ಎಷ್ಟು ಸುತ್ತು ಹಿಡಿದಿದೆ ಎಣಿಸಿ. ಸ್ಪೇಸರ್‌ನಲ್ಲಿ ಹೊಸ ಸ್ಟಡ್‌ಗಳನ್ನು ಹಿಂದಿನಿಂದ ಒತ್ತಿ ಕೂರಿಸಿದ್ದಾರಾ, ವೆಲ್ಡ್ ಮಾಡಿದ್ದಾರಾ ನೋಡಿ. ವೆಲ್ಡ್ ಆಗಿದ್ದರೆ ಮುಂದೆ ಯೋಚನೆಯೇ ಬೇಡ, ಬಿಚ್ಚಿ ಇಡಿ. ಆ ಬಿಸಿಗೆ ಸ್ಟಡ್‌ನ ಹದ ಹೋಗಿರುತ್ತದೆ. ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ, ತೂತು ಉದ್ದಕ್ಕೆ ಸವೆದಿದ್ದರೆ, ಎರಡು ಮುಖಗಳ ನಡುವೆ ಕಪ್ಪು ಪುಡಿ ಇದ್ದರೆ ಜೋಡಣೆ ಆಗಲೇ ಅಲುಗಾಡಿದೆ. ಚಕ್ರವನ್ನು ಜ್ಯಾಕ್ ಹಾಕಿ ಎತ್ತಿದಾಗ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಾಡಿಸಿ. ಆಟ ಸಿಕ್ಕರೆ ಬೇರಿಂಗ್ ನೋಡಿಸಿ. ಎಲ್ಲಾದರೂ ಒಂದು ಸ್ಟಡ್ ಮುರಿದಿದ್ದರೆ ಅದೊಂದನ್ನೇ ಬದಲಿಸಿ ಬಿಡಬೇಡಿ. ಅದರ ಪಾಲಿನ ಎಳೆತವನ್ನು ಅಕ್ಕಪಕ್ಕದವು ಹೊತ್ತಿರುತ್ತವೆ. ಆ ಹಬ್ಬಿನ ಆರೂ ಸ್ಟಡ್, ಆರೂ ನಟ್ಟು ಹೊಸದು ಹಾಕಿಸಿ, ಅದಾದ ಮೇಲೆಯೇ ಗಾಡಿಗೆ ಚೀಲ ಏರಿಸಿ.